ಹೊಸ ಕೀಬೋರ್ಡಿಗೆ ಸಂದ ಮರ್ಯಾದೆ

ಆಯುಧಪೂಜೆಯ ಮರುದಿನ ಜಯಶೀಲಮ್ಮನವರ ಲ್ಯಾಪ್‌ಟಾಪಿನ ಕೀಬೋರ್ಡೂ ಟಚ್‌ಪ್ಯಾಡೂ ಕೆಲಸ ನಿಲ್ಲಿಸಿದವು. ಅವರು ಆಫ್ ಮಾಡಿ ಆನ್ ಮಾಡಿದರು, ತಲೆಕೆಳಗು ಮಾಡಿ ತಟ್ಟಿದರು. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಅಂಗಡಿಯಿಂದ ಬೇರೊಂದು ಕೀಬೋರ್ಡ್ ತಂದು ಸಿಕ್ಕಿಸಿದರು.

ಬಂದದ್ದೇ ತಡ, ಹೊಸದು ಗದರಿತು: "ಸೋಮಾರಿಗಳಿರಾ, ಕರೆಂಟು ತಿಂದ ಮನೆಗೇ ದ್ರೋಹ ಬಗೆದಿರಾ?"

"ದ್ರೋಹವಲ್ಲ ಸ್ವಾಮಿ," ಎಂದಿತು ಹಳೆಯ ಕೀಬೋರ್ಡ್. "ಇಲ್ಲಿ ನಮಗೆ ಮರ್ಯಾದೆ ಸ್ವಲ್ಪ ಜಾಸ್ತಿಯಾಯಿತು."

"ಮರ್ಯಾದೆ ಸಿಕ್ಕಿ ಕೆಟ್ಟವರುಂಟೇ?" ಎಂದು ಹೊಸದು ನಕ್ಕಿತು.

"ಕುಂಕುಮದವರೆಗೆ ಏನೂ ಆಗುವುದಿಲ್ಲ," ಎಂದಿತು ಟಚ್‌ಪ್ಯಾಡ್.

ಅಷ್ಟರಲ್ಲಿ ಜಯಶೀಲಮ್ಮ ಕುಂಕುಮದ ಬಟ್ಟಲು, ಮಾವಿನೆಲೆ, ಚೊಂಬು ತುಂಬ ನೀರು ಹಿಡಿದು ಬಂದರು. ಹೊಸ ಕೀಬೋರ್ಡಿಗೆ ಭಕ್ತಿಯಿಂದ ಕೈಮುಗಿದು ಹೇಳಿದರು:

"ಮೊನ್ನೆ ತೀರ್ಥ ಸಾಲದೆ ಅವೆರಡೂ ಕೈಕೊಟ್ಟವು. ನಿನಗೆ ಧಾರಾಳವಾಗಿ ಚಿಮುಕಿಸುತ್ತೇನಪ್ಪ."