ಕಡೆಯ ಮಂಚದ ರೋಗಿ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಕಂಪೌಂಡರ್ ಆಗಿದ್ದ ನಮ್ಮ ಭಾವ ಚನ್ನವೀರಪ್ಪನವರು.

ಒಂದೂರಿನ ನರ್ಸಿಂಗ್ ಕಾಲೇಜಿನಲ್ಲಿ ಹುಡುಗಿಯರು ರೋಗಿಯ ಮೈ ಮುಟ್ಟದೆಯೇ ಪಾಸಾಗುತ್ತಿದ್ದರು. ಹಾಗೆ ಪಾಸಾದವಳೊಬ್ಬಳ ಕೈಯಲ್ಲಿ ಕಾಲೇಜಿನದೇ ಆಸ್ಪತ್ರೆಯ ವಾರ್ಡಿನ ಆಯಾಳ ಮಗಳು ಬಾಣಂತಿಯಾಗಿದ್ದಾಗಲೇ ತೀರಿಹೋದಳು.

ನರ್ಸಿಂಗ್ ಕೌನ್ಸಿಲ್ಲಿನವರು ತಪಾಸಣೆಗೆ ಬರುವ ದಿನ ಕಾಲೇಜಿನ ಮಾಲೀಕರು ಊರ ಜನರನ್ನು ಕರೆಸಿ ವಾರ್ಡಿನಲ್ಲಿ ರೋಗಿಗಳೆಂದು ಮಲಗಿಸಿದರು. ಆದರೂ ಒಂದು ಮಂಚ ಖಾಲಿ ಉಳಿಯಿತು.

"ಇದನ್ನೂ ತುಂಬಿಸು. ಇಲ್ಲವಾದರೆ ನಾಳೆಯಿಂದ ಬರಬೇಡ," ಎಂದು ಆಯಾಳನ್ನು ಗದರಿದರು.

"ಜೀಪು ಬಂದೇಬಿಡ್ತು, ಯಜಮಾನ್ರೇ. ಬಂದವರು ಹೊಸಬರು, ನಿಮ್ಮ ಗುರುತಿಲ್ಲ. ನೀವೇ ಒಂದು ಗಳಿಗೆ ಕಂಬಳಿ ಹೊದ್ದು ಮಲಗಿಬಿಡಿ."

ಮಾಲೀಕರು ಮಲಗಿದರು. ತಪಾಸಣೆಗೆ ಬಂದ ಮಹಿಳಾ ಅಧಿಕಾರಿ ಆ ಮಂಚದ ಬಳಿ ಬಂದಾಗ ಆಯಾ ಕೈಮುಗಿದಳು.

"ಅಮ್ಮಾ, ಈ ರೋಗಿಗೆ ಗ್ಲೂಕೋಸ್ ಹಾಕೋ ಹೊತ್ತಾಯ್ತು. ಕೊನೇ ವರ್ಷದ ಈ ಹುಡುಗಿ ಹಾಕ್ತಾಳೆ, ನೋಡಿ. ಐವತ್ತು ಸಲ ಹಾಕಿದ್ದಾಳಂತ ಇವಳ ಪ್ರಾಕ್ಟಿಕಲ್ ಪುಸ್ತಕದಲ್ಲಿ ರುಜು ಇದೆ."

ಹುಡುಗಿ ಸೂಜಿ ಹಿಡಿದು ಬಂದಳು. ಮಾಲೀಕರು ಕಂಬಳಿ ಕಿತ್ತೆಸೆದು ಎದ್ದು ಕೂತರು.

"ಬೇಡ! ಅವಳು ಒಂದು ದಿನವೂ ಸೂಜಿ ಮುಟ್ಟಿಲ್ಲ! ನನ್ನನ್ನು ಕೊಂದುಬಿಡ್ತಾಳೆ!"

ಅಧಿಕಾರಿ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಕಾಲೇಜಿಗೆ ಬೀಗ ಬಿತ್ತು.

ಹೊರಡುವಾಗ ಆಯಾ ಹೇಳಿದಳಂತೆ: "ನನ್ನ ಮಗಳಿಗೆ ಹೀಗೆ ಎದ್ದು ಕೂರೋ ಶಕ್ತಿ ಇರಲಿಲ್ಲ, ಯಜಮಾನ್ರೇ."

ಮಗಳನ್ನು ನರ್ಸಿಂಗ್ ಓದಿಸುವವರು ಯಾರಾದರೂ ಸಿಕ್ಕರೆ ಇದನ್ನು ಅವರಿಗೂ ಹೇಳಿ. ದೇವರು ಮೆಚ್ಚುತ್ತಾನೆ.