ಭರಮಣ್ಣನ ಹೆಬ್ಬೆರಳು

ಹೊಳೆದಂಡೆಯ ಆಶ್ರಮದಲ್ಲಿ ಇದ್ದವರು ಇಬ್ಬರೇ. ಗುರು ಗೂಳಜ್ಜ, ಶಿಷ್ಯ ಭರಮಣ್ಣ.

ಅಜ್ಜನ ಕಣ್ಣು ಮಂಜಾಗುತ್ತ ಬಂದಿತ್ತು. ಗುಡ್ಡದಾಚೆ ಅವರ ಗುರುವಿನ ಗದ್ದುಗೆ. ಕಣ್ಣು ಪೂರ್ತಿ ಹೋಗುವ ಮುಂಚೆ ಅದನ್ನೊಮ್ಮೆ ನೋಡಬೇಕೆಂಬುದು ಅವರಿಗೆ ಉಳಿದಿದ್ದ ಒಂದೇ ಆಸೆ. ಭರಮಣ್ಣನ ಹೆಗಲು ಹಿಡಿಯದೆ ಆ ದಾರಿ ಸಾಗುವಂತಿರಲಿಲ್ಲ.

ಭರಮಣ್ಣನಿಗೋ ಗೌಟ್ ಎಂಬ ಕೀಲುಬೇನೆ. ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು, ಹೊದಿಕೆಯ ಅಂಚು ತಾಗಿದರೂ ಚೀರುತ್ತಿದ್ದ.

ಪೇಟೆಯ ಡಾಕ್ಟರು ಗುಳಿಗೆ ಕೊಟ್ಟು, ಮಾಂಸ ಕಡಿಮೆ ಮಾಡು, ಕುರಿ-ಕೋಳಿಯ ಕಲೇಜಿ ಮುಟ್ಟಲೇಬೇಡ, ನೀರು ಚೆನ್ನಾಗಿ ಕುಡಿ ಎಂದಿದ್ದರು. ಭರಮಣ್ಣ ಗುಳಿಗೆ ನುಂಗಿದ. ಉಳಿದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೋವು ಏರಿದ ದಿನ ತನ್ನ ಮೇಲೆ ತನಗೇ ಸಿಟ್ಟು ಬಂದು, ನೀರೂ ಮುಟ್ಟದೆ ಉಪವಾಸ ಬೀಳುತ್ತಿದ್ದ. ಮರುದಿನ ಬೆರಳು ಇನ್ನಷ್ಟು ಉರಿಯುತ್ತಿತ್ತು.

ಕೂತಲ್ಲಿ ಕೂರಲಾರ, ಮಲಗಿದಲ್ಲಿ ಮಲಗಲಾರ.

“ಅಜ್ಜಾರ, ಗುಡ್ಡಕ್ಕ ಯಾವಾಗ ಹೋಗೂಣ್ರಿ? ನಾಳೆ? ನಾಡಿದ್ದು?”

“ನಿನ್ನ ಬೆರಳು ಹೂಂ ಅಂದ ದಿನ.”

“ಅದು ಹೂಂ ಅನ್ನವಲ್ದಲ್ರಿ!”

“ಊಟದ ಬಗ್ಗೆ ಡಾಕ್ಟರು ಏನೋ ಅಂದಿದ್ರಲ್ಲ?”

“ಅಂದಾರ್ರಿ. ಆದ್ರ ನಾವು ಭಿಕ್ಷಾದವರು. ಪಾತ್ರೆಗೆ ಬಿದ್ದದ್ದನ್ನ ಬ್ಯಾಡ ಅನ್ನಬಾರದು ಅಂತ ನೀವ ಕಲಿಸೀರಿ. ಖಂಡ ಹಾಕಿದ್ರ ಖಂಡ, ಕಲೇಜಿ ಹಾಕಿದ್ರ ಕಲೇಜಿ. ನಾನೇನು ಆರಿಸ್ತೀನೇನ್ರಿ?”

ಅದು ಸುಳ್ಳಲ್ಲ. ಅವರ ಪಂಥಕ್ಕೆ ಇದ್ದದ್ದು ಅದೊಂದೇ ಕಟ್ಟಳೆ. ಭರಮಣ್ಣನಷ್ಟು ಶ್ರದ್ಧೆಯಿಂದ ಅದನ್ನು ಪಾಲಿಸಿದವರೂ ಇಲ್ಲ, ಅದರಲ್ಲೂ ಕಲೇಜಿ ಬಿದ್ದ ದಿನ.

ಅಜ್ಜ ಎದ್ದರು.

“ಇವತ್ತು ಭಿಕ್ಷಾಕ್ಕ ನಾನೂ ಬರ್ತೀನಿ. ಹೆಗಲು ಕೊಡು.”

“ನೀವ್ಯಾಕ್ರಿ, ಈ ಬಿಸಿಲಾಗ?”

“ಗುಡ್ಡ ಅಂತೂ ಆಗಲಿಲ್ಲ. ಊರನ್ನಾದ್ರೂ ಸುತ್ತೂಣು.”

ಆಶ್ರಮ ದಾಟಿದರೆ ನೇಕಾರರ ಓಣಿ. ಎರಡೂ ಕಡೆ ಮಗ್ಗದ ಸದ್ದು. ಮೊದಲ ಮನೆಯ ನಾಗವ್ವ ಹೊಸ್ತಿಲಿಗೆ ಬಂದು ಕೂಗಿದಳು.

“ಅಜ್ಜಾರ, ಅಪರೂಪಕ್ಕ ಬಂದೀರಿ! ಬರ್ರಿ, ಜ್ವಾಳದ ಅಂಬಲಿ ಐತಿ, ಮಜ್ಜಿಗಿ ಐತಿ, ರಾಜಗಿರಿ ಪಲ್ಯ ಐತಿ.”

“ಹೊಳ್ಳಿ ಬರೂವಾಗ ಬರ್ತೀವಬೇ ಯವ್ವಾ,” ಎಂದ ಭರಮಣ್ಣ, ನಿಲ್ಲದೆ.

ಮಗ್ಗದ ಸದ್ದು ಹಿಂದೆ ಬಿತ್ತು. ಏರು ಶುರುವಾಯಿತು. ಭರಮಣ್ಣ ಹಲ್ಲು ಕಚ್ಚಿ ಕುಂಟಿದ. ಹೆಜ್ಜೆಗೊಮ್ಮೆ “ಯಪ್ಪಾ” ಎಂದ. ನೋಡಿದವರ ಕರುಳು ಚುರ್ ಎನ್ನುವಂತಿತ್ತು.

“ಎಲ್ಲಿಗೆ ಹೊಂಟೀವಿ?”

“ಮ್ಯಾಲಿನ ಓಣಿಗ್ರಿ. ಪೈಲ್ವಾನರ ಮನಿಗೆ.”

“ದಿನಾ ಅಲ್ಲಿಗೇನು? ಇಷ್ಟು ದೂರ?”

“ಭಾಳ ಭಕ್ತಿ ರೀ ಅವರದು.”

ಮಸಾಲೆಯಲ್ಲಿ ಕಲೇಜಿ ಹುರಿಯುವ ವಾಸನೆ ಗಾಳಿಯಲ್ಲಿ ಬಂತು. ಅಜ್ಜನ ಕೈಯಡಿಯ ಹೆಗಲು ಚುರುಕಾಯಿತು. ಕುಂಟು ಹೆಜ್ಜೆ ಬೇಗ ಬೇಗ ಬೀಳತೊಡಗಿತು. “ಯಪ್ಪಾ” ಕೂಡ ನಿಂತಿತು.

ಅಜ್ಜ ಅಲ್ಲಿಯೇ ನಿಂತುಬಿಟ್ಟರು.

“ಯಾಕ್ರಿ? ತಡ ಆದ್ರ ಅವರ ಊಟ ಮುಗೀತೈತಿ!”

“ಭರಮಾ, ಇಷ್ಟ ದೂರ ಗುಡ್ಡದ ಕಡೆ ನಡದಿದ್ರ ಎಲ್ಲಿಗೆ ಮುಟ್ತಿದ್ವಿ?”

ಭರಮಣ್ಣ ತಿರುಗಿ ನೋಡಿದ. ನೇಕಾರರ ಓಣಿ ಎಷ್ಟೋ ಕೆಳಗಿತ್ತು.

“ಗುಡ್ಡದ ಬುಡಕ್ಕ ಹೋಗಿರ್ತಿದ್ವಿ ರೀ.” ಅವನ ದನಿ ಇಳಿಯಿತು. ಮರುಗಳಿಗೆಯೇ ಮತ್ತೆ ಏರಿತು. “ಆದ್ರ ನಿಮ್ಮಾಣಿ ಅಜ್ಜಾರ, ನಾ ಎಂದೂ ಏನೂ ಆರಿಸಿಲ್ಲ. ಪಾತ್ರೆಗೆ ಬಿದ್ದದ್ದನ್ನ ಅಷ್ಟ...”

ಅವನಿಗೆ ಅಳು ಬಂದಿತ್ತು. ಅಜ್ಜನಿಗೆ ಅದು ಕಾಣಲಿಲ್ಲ. ಹೆಗಲು ನಡುಗುವುದು ಗೊತ್ತಾಯಿತು.

“ಪಾತ್ರೆ ಆರಿಸಿಲ್ಲ, ಖರೆ,” ಎಂದರು ಅಜ್ಜ. “ಓಣಿ ಆರಿಸಿದ್ದು ಯಾವ ಕಾಲು?”