ಹಳ್ಳದ ದಾರಿಯ ಮುಳ್ಳು

“ಗೆಲ್ಲಾಕಂತ ನಾಕು ಮಂದೀನ ಬೈದು, ಗೆದ್ದಮ್ಯಾಲ ಬಿಟ್ಟಬಿಟ್ಟರ ಯಾರಿಗೇನು ಲುಕ್ಸಾನ್ರಿ, ಅಜ್ಜಾರ?” ಎಂದು ಚನ್ನವೀರ ಕೇಳಿದ.

ಅವನು ಮಠದ ಶಿಷ್ಯ. ಅವನ ಸೋದರಮಾವ ಪಂಚಾಯ್ತಿ ಚುನಾವಣೆಗೆ ನಿಂತಿದ್ದ. ಪರಊರಿನಿಂದ ಬಂದು ನೆಲೆಸಿದ ಜನರ ಬಣ್ಣ, ಭಾಷೆಗಳನ್ನು ಆಡಿಕೊಂಡು ಒಂದು ಭಾಷಣ ಮಾಡೆಂದು ಅಳಿಯನಿಗೆ ಹೇಳಿದ್ದ. ಸಭೆ ಅಂದೇ ಸಂಜೆ ಇತ್ತು. ಮಠದ ಅಜ್ಜ ಮಾಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಾಳಿನ ವ್ಯಾಪಾರಿ. ಊರಿಗೆ ಮುಖಂಡನಾಗಬೇಕೆಂಬ ಆಸೆ ಅವನಿಗೆ. ಎದುರಿಗೆ ನಿಂತವನು ಒಬ್ಬ ರೈತ, ಹೆಸರಿಡಲು ಒಂದು ಹುಳುಕೂ ಇಲ್ಲದವನು. ಅಂಥವನನ್ನು ಬೈದು ಗೆಲ್ಲುವಂತಿರಲಿಲ್ಲ. ಆದ್ದರಿಂದ ವ್ಯಾಪಾರಿ ಬೈಯಲು ಬೇರೆಯವರನ್ನು ಹುಡುಕಿದ.

ಹಳ್ಳದ ಆಚೆ ಒಂದು ಓಣಿ ಇತ್ತು. ಮುತ್ತಜ್ಜಂದಿರ ಕಾಲದಲ್ಲಿ ಬೇರೆ ಸೀಮೆಯಿಂದ ಬಂದವರು. ಮೈಬಣ್ಣ ಕಡುಕಪ್ಪು, ಕೂದಲು ಗುಂಗುರು, ಮಾತಿನ ರಾಗವೂ ಬೇರೆ. ಆ ವರ್ಷ ಊರಿನಲ್ಲಿ ಜ್ವರ ಬಂದು ಕೂಸುಗಳು ಸತ್ತಿದ್ದವು. ವ್ಯಾಪಾರಿ ಕಟ್ಟೆಕಟ್ಟೆಗೆ ಹೋಗಿ, ಹಳ್ಳದಾಚೆಯವರ ಕಣ್ಣು ಬಿದ್ದ ಮನೆಯಲ್ಲಿ ತೊಟ್ಟಿಲು ಬರಿದಾಗುತ್ತದೆ ಎಂದ. ಕೂಸು ಕಳೆದುಕೊಂಡವರಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. ಅವರು ನಂಬಿದರು.

ನಂಬದವನು ವ್ಯಾಪಾರಿಯೊಬ್ಬನೇ. ಅವನ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದ ಸೂಲಗಿತ್ತಿ ಅದೇ ಓಣಿಯವಳು. ಹೆಂಡತಿ ಈಗ ಮತ್ತೆ ಬಸುರಿಯಾಗಿದ್ದಳು.

“ನಾಳೆ ನನಗ ಬ್ಯಾನಿ ಬಂದರ ಯಾರನ್ನ ಕರಸ್ತೀರಿ?” ಎಂದು ಅವಳು ಕೇಳಿದಳು.

“ಆಕೀನ್ನ ಕರಸ್ತೀನಿ. ಇದೆಲ್ಲಾ ಓಟು ಬೀಳೂತನಾ ಅಷ್ಟ. ಆಮ್ಯಾಲ ಯಾರು ನೆನಪಿಡ್ತಾರ?” ಎಂದ.

ಅವನು ಗೆದ್ದ. ಗೆದ್ದ ಮರುದಿನವೇ ಆಡಿದ್ದನ್ನು ಮರೆತ. ಊರು ಮರೆಯಲಿಲ್ಲ. ಜನ ಹಳ್ಳದ ದಾರಿಗೆ ಜಾಲಿಮುಳ್ಳು ಬಡಿದು, ಪಾಳಿಯ ಮೇಲೆ ಕಾವಲು ಕೂತರು. ಯಾರೂ ಕೂಲಿ ಕೇಳಲಿಲ್ಲ. ಅವನ ಮೇಲಿನ ಪ್ರೀತಿಗೆ ಕೂತಿದ್ದರು. ವ್ಯಾಪಾರಿಗೆ ಅದನ್ನು ನೋಡಿ ಸ್ವಲ್ಪ ನಾಚಿಕೆಯಾಯಿತು, ಬಹಳ ಹೆಮ್ಮೆಯಾಯಿತು. ಇರಲಿ, ಮುಂದಿನ ಚುನಾವಣೆಗೂ ಆಗುತ್ತದೆ ಎಂದು ಸುಮ್ಮನಾದ.

ಹೆಂಡತಿಗೆ ಒಂದು ದಿನ ಬೆಳಿಗ್ಗೆಯೇ ನೋವು ಶುರುವಾಯಿತು. ಕೂಸು ಅಡ್ಡ ನಿಂತಿತ್ತು. ನೆರೆಮನೆಯ ಹೆಂಗಸರು ಹೊಟ್ಟೆ ಮುಟ್ಟಿ ನೋಡಿ, ಇದು ನಮ್ಮ ಕೈಯಲ್ಲಿ ಆಗದ ಮಾತು, ಸೂಲಗಿತ್ತಿಯನ್ನು ಕರೆಸಿ ಎಂದರು. ಅವನು ಆಳು ಕಳಿಸಿದ. ಅವಳು ಬರುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಸೀರೆ ಎತ್ತಿಕಟ್ಟಿ ಹಳ್ಳಕ್ಕಿಳಿದು, ಮುಳ್ಳಿನವರೆಗೂ ಬಂದಳು. ಅಲ್ಲಿ ಅವಳನ್ನು ತಡೆದರು.

ಸುದ್ದಿ ಕೇಳಿ ವ್ಯಾಪಾರಿ ಓಡಿಬಂದ. ಮುಳ್ಳು ಸರಿಸಿರೆಂದು ಕೂಗಿದ. ಕಾವಲಿನವರು ನಕ್ಕರು. ಸಾವ್ಕಾರರು ನಮ್ಮ ನಿಷ್ಠೆ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು, ಇನ್ನಷ್ಟು ಒತ್ತಾಗಿ ನಿಂತರು.

“ನಾ ಅಂದಿದ್ದು ಸುಳ್ಳರಪಾ! ಓಟಿಗಾಗಿ ಅಂದಿದ್ದೆ. ನಿಮ್ಮ ಕಾಲು ಬೀಳ್ತೀನಿ, ಆಕೀನ್ನ ಬಿಡ್ರಿ” ಎಂದ.

ಎಲ್ಲರ ನಗು ನಿಂತಿತು. ಅವರಲ್ಲಿ ಒಬ್ಬ ಮುದುಕ, ಜ್ವರದಲ್ಲಿ ಮೊಮ್ಮಗನನ್ನು ಕಳೆದುಕೊಂಡವನು, ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಮುದುಕನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ಹೆದರಿಕಿ ನಿಮ್ಮ ಕಡಿಂದ ಹಿಂಗ ಆಡಸಾಕತ್ತೈತ್ರಿ, ಸಾವ್ಕಾರ್ರ. ಅವತ್ತು ನೀವು ಶಾಣ್ಯಾತನದಾಗ ಆಡಿದ ಮಾತು ಐತಲ್ಲ, ನಾವು ಅದನ್ನ ನಂಬತೀವಿ.”

ವ್ಯಾಪಾರಿ ಬರಿಗೈಯಲ್ಲಿ ಮುಳ್ಳು ಕೀಳಲು ಹೋದ. ಅವನ ಕೈ ಗಾಯವಾದೀತೆಂದು ಅವರಿಗೆ ಮರುಕವಾಯಿತು. ನಾಲ್ಕು ಜನ ಅವನನ್ನು ಎತ್ತಿ ಮರದ ನೆರಳಿಗೆ ಒಯ್ದರು. ಕುಡಿಯಲು ನೀರು ಕೊಟ್ಟರು, ಟವೆಲಿನಿಂದ ಗಾಳಿ ಬೀಸಿದರು, ಗಟ್ಟಿಯಾಗಿ ಹಿಡಿದುಕೊಂಡರು. ಸೂಲಗಿತ್ತಿ ಮುಳ್ಳಿನಾಚೆ ದಂಡೆಯ ಮೇಲೆ ನಿಂತು ಅವನ ಮನೆಯ ಕಡೆಗೇ ನೋಡುತ್ತಿದ್ದಳು. ಅವಳು ಅಲ್ಲಿಂದ ಕದಲಲಿಲ್ಲ.

ಅಜ್ಜ ಇಲ್ಲಿಗೆ ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ:

“ಆ ತಾಯಿ ಉಳದಳೇನ್ರಿ, ಅಜ್ಜಾರ?”

“ಇಲ್ಲ ತಮ್ಮಾ, ‘ನೀವು ಹೇಳಿದ್ದು ಖರೇ ಆತು ನೋಡ್ರಿ, ಆಕಿ ದಂಡೀಗೆ ನಿಂತ ಕಣ್ಣು ಹಾಕಿಬಿಟ್ಟಳು’ ಅಂತ ಊರ ಮಂದಿ ಅವಗ ಸಮಾಧಾನ ಹೇಳಿದರು.”